ಹುಡುಕಿದರೂ ಸಿಗದ ರೊಟ್ಟಿ ಅಂಗಡಿ

ದಸರೆಯ ಬನ್ನಿ ಎಲೆ ಇನ್ನೂ ದೇವರ ಜಗಲಿಯ ಮೇಲೆ ಒಣಗುತ್ತಿತ್ತು. ಜಲನಗರದ ನಮ್ಮ ಮನೆಯಲ್ಲಿ ನಾನು ಬೆಳಗಿನ ಚಹಾ ಸೋಸುತ್ತಿದ್ದಾಗ ತಿಕೋಟಾದಿಂದ ಅಕ್ಕನ ಫೋನು ಬಂತು. ಅಕ್ಕ ಎಂದರೆ ಮೊದಲು ನಮ್ಮ ಯಜಮಾನರ ಆರೋಗ್ಯ, ಮಗಳ ಶಾಲೆ, ನಳದ ನೀರು ಎಲ್ಲ ವಿಚಾರಿಸಿ, ಫೋನಿಡುವ ಹೊತ್ತಿಗೆ ತನ್ನ ವಿಷಯ ಹೇಳುವವಳು. ಅಂದು ಹಲೋ ಎನ್ನಲೂ ಇಲ್ಲ.

“ನಮ್ಮ ಅಂಗಡಿ ಎಲ್ಲಿ ಹೋತ ಬೇ?” ಎಂದಳು.

“ಎಲ್ಲಿ ಹೋಗ್ತೈತಿ? ಅಲ್ಲೇ ಇರ್ತೈತಿ, ಹೊರಗ ಬಂದ್ ನೋಡು,” ಎಂದೆ. ಬೆಳಿಗ್ಗೆ ಚಹಾ ಕುಡಿಯುವ ಮೊದಲು ನನ್ನ ಬಾಯಲ್ಲಿ ಒಳ್ಳೆಯ ಮಾತು ಬರುವುದಿಲ್ಲ.

“ಫೋನಿನ್ಯಾಗ ಇಲ್ಲ. ಸೊಲ್ಲಾಪುರದ ಗಿರಾಕಿ ಒಬ್ರು ಹುಡುಕಿ ಹುಡುಕಿ ಸಾಕಾಗಿ, ಹಳೇ ನಂಬರ್ ತಗದು ಫೋನ್ ಮಾಡ್ಯಾರ. ಅಂಗಡಿ ಬಂದ್ ಮಾಡೀರೇನ್ರಿ ಅಂತ ಕೇಳಾಕತ್ತಿದ್ರು.”

ಸೋಸಣಿಗೆ ಕೆಳಗಿಟ್ಟು ಫೋನು ಕೈಗೆತ್ತಿಕೊಂಡೆ. ಅಕ್ಕನ ಅಂಗಡಿಯ ಹೆಸರು ಬರೆದು ಹುಡುಕಿದೆ. ತಿಕೋಟಾದ ಮ್ಯಾಪು ತೆರೆದುಕೊಂಡಿತು. ಅಥಣಿ ರಸ್ತೆ ಇತ್ತು, ಬಸ್ ನಿಲ್ದಾಣ ಇತ್ತು, ಅದರಾಚೆಯ ಸೈಕಲ್ ರಿಪೇರಿಯವನೂ ಇದ್ದ. ಅಕ್ಕನ ಮನೆಯ ಜಾಗದಲ್ಲಿ ಬರೀ ಬೂದು ಬಣ್ಣ. ಚಹಾ ಅಲ್ಲೇ ಬಿಟ್ಟು ಕುಳಿತುಬಿಟ್ಟೆ. ಏಕೆಂದರೆ ಹೀಗೆ ಒಂದು ಅಂಗಡಿಯನ್ನು ಅಳಿಸುವುದು ಏಕೆ, ಹೇಗೆ ಎಂದು ನನಗೆ ಗೊತ್ತು. ಇಂಟರ್ನೆಟ್ಟಿನ ಸರ್ಚಿನಲ್ಲಿ ಅಂಗಡಿಗಳನ್ನು ಜನರ ಕಣ್ಣಿಗೆ ಬೀಳಿಸುವುದೇ ನನ್ನ ಹೊಟ್ಟೆಪಾಡು.

ಅಕ್ಕ ಮಾರುವುದು ಜೋಳದ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳು. ಭಾವ ತೀರಿಕೊಂಡ ಮೇಲೆ ಮನೆಯ ಮುಂದಿನ ಖೋಲಿಯಲ್ಲಿ, ರಸ್ತೆಗೆ ಬಾಗಿಲಿರುವ ಕೋಣೆಯಲ್ಲಿ, ಶುರು ಮಾಡಿದ್ದಳು. ಈಗ ಓಣಿಯ ಹೆಂಗಸರೂ ಬಂದು ಅವಳೊಂದಿಗೆ ರೊಟ್ಟಿ ಬಡಿಯುತ್ತಾರೆ. ಆದರೆ ಆ ಖೋಲಿಯ ಮೇಲೆ ಅವಳ ಮೈದುನನಿಗೂ ಕಣ್ಣಿತ್ತು. ದ್ರಾಕ್ಷಿ ಬಳ್ಳಿ ಕತ್ತರಿಸಿ, ಔಷಧಿ ಹೊಡೆಯುವ ಕಾಲ ಬಂದಾಗ ಹೊನವಾಡದ ಕಡೆಯ ರೈತರೆಲ್ಲ ವಿಜಯಪುರಕ್ಕೆ ಓಡುತ್ತಾರೆ. ಇಲ್ಲೇ ಒಂದು ಔಷಧಿ ಅಂಗಡಿ ಇಟ್ಟರೆ ಹೇಗೆ ಎಂಬುದು ಅವನ ಲೆಕ್ಕ. ತಪ್ಪು ಲೆಕ್ಕವೇನೂ ಅಲ್ಲ. ಅಕ್ಕನ ಅತ್ತೆ ಇಬ್ಬರ ಮಾತನ್ನೂ ಕೇಳಿ, ದಸರೆಗೆ ಮೊದಲೇ ತೀರ್ಪು ಕೊಟ್ಟಿದ್ದರು. ದೀಪಾವಳಿ ಪಾಡ್ಯದ ಒಳಗೆ ಲಗ್ನಸರಾಯಿಯ, ಎಂದರೆ ಮದುವೆ ಹಂಗಾಮಿನ, ಆರ್ಡರುಗಳು ಬಂದರೆ ಖೋಲಿ ಸೊಸೆಗೆ. ಬಾರದಿದ್ದರೆ ಪಾಡ್ಯದ ದಿನ ಮಗ ಅಲ್ಲಿ ಪೂಜೆ ಮಾಡಿ ಅಂಗಡಿ ಇಡಲಿ, ಸೊಸೆ ಹಿತ್ತಲಿನ ತಗಡಿನ ಕೆಳಗೆ ರೊಟ್ಟಿ ಮಾಡಿಕೊಳ್ಳಲಿ. ಹಿತ್ತಲಿಗೆ ಯಾವ ಗಿರಾಕಿ ಬರುತ್ತಾನೆ?

ಆರ್ಡರುಗಳು ಬರುತ್ತಿದ್ದುದೆಲ್ಲ ಸರ್ಚಿನಿಂದ. ಆ ಸರ್ಚೇ ಈಗ ಬಾಗಿಲು ಹಾಕಿಕೊಂಡಿತ್ತು.

ನಾನು ಈ ಕೆಲಸ ಹಿಡಿದ ಕಾಲಕ್ಕೆ ಹುಡುಕುವ ಯಂತ್ರ ಬಹಳ ಭೋಳೆ ಇತ್ತು. ಹೇಳಿದ್ದನ್ನೆಲ್ಲ ನಂಬುತ್ತಿತ್ತು. ಸಂತೆಯಲ್ಲಿ ಗಂಟಲು ದೊಡ್ಡದಿದ್ದವನ ಬದನೆಕಾಯಿ ಮೊದಲು ಖಾಲಿಯಾಗುತ್ತದಲ್ಲ, ಅದೇ ನ್ಯಾಯ. ಗೋಳಗುಮ್ಮಟದ ದಾರಿಯಲ್ಲಿದ್ದ ಒಂದು ಲಾಡ್ಜಿಗೆ ನಾನು ಮೊದಲ ವೆಬ್‌ಸೈಟು ಮಾಡಿಕೊಟ್ಟೆ. ಪುಟದ ಕೊನೆಯಲ್ಲಿ ಬಿಳಿಯ ಮೇಲೆ ಬಿಳಿ ಅಕ್ಷರದಲ್ಲಿ ‘ಬಿಜಾಪುರ ಲಾಡ್ಜ್, ಬಿಜಾಪುರದಲ್ಲಿ ಲಾಡ್ಜ್, ಸ್ವಚ್ಛ ಲಾಡ್ಜ್ ಬಿಜಾಪುರ’ ಎಂದು ಗೋಧಿ ಸುರಿದಂತೆ ಸುರಿದೆ. ಮನುಷ್ಯರಿಗೆ ಅಲ್ಲಿ ಖಾಲಿ ಜಾಗ ಕಾಣುತ್ತಿತ್ತು, ಯಂತ್ರಕ್ಕೆ ಬರೀ ಲಾಡ್ಜೇ ಲಾಡ್ಜು. ಸ್ವಚ್ಛ ಎಂದು ನಾನು ಬರೆದಷ್ಟು ಸಲ ಅವರು ಚಾದರ ಒಗೆದಿದ್ದರೆ ಅದೇ ಸಾಕಾಗುತ್ತಿತ್ತು. ಆದರೂ ಲಾಡ್ಜು ಮೊದಲ ಪುಟದಲ್ಲಿ ಮೊದಲನೆಯದಾಗಿ ಕುಳಿತಿತು, ಮಾಲೀಕರು ನನಗೆ ಪೇಢೆ ತಂದುಕೊಟ್ಟರು.

ಆಮೇಲೆ ಯಂತ್ರ ಸ್ವಲ್ಪ ಬುದ್ಧಿ ಕಲಿಯಿತು. ನೀನು ನಿನ್ನ ಬಗ್ಗೆ ಹೇಳಿಕೊಳ್ಳುವುದು ಬೇಡ, ಬೇರೆಯವರು ನಿನ್ನತ್ತ ಬೆರಳು ತೋರಿಸಲಿ ಎಂದಿತು. ಒಂದು ವೆಬ್‌ಸೈಟಿನಿಂದ ಇನ್ನೊಂದಕ್ಕೆ ಲಿಂಕು ಇರಬೇಕು. ಎಷ್ಟು ಲಿಂಕೋ ಅಷ್ಟು ಮರ್ಯಾದೆ. ನಾವೇನು ಕಡಿಮೆಯೇ? ನಮ್ಮ ಕಡೆ ಲಗ್ನಪತ್ರಿಕೆಯ ಕೆಳಗೆ ಸುಖಾಗಮನ ಬಯಸುವವರು ಎಂದು ವರನ ಮುಖವನ್ನೂ ನೋಡದ ದೊಡ್ಡ ಮನುಷ್ಯರ ಹೆಸರು ಹಾಕಿಸುವುದಿಲ್ಲವೇ, ಹಾಗೆ ಯಾವ ಯಾವ ದೇಶದ ಪುಟಗಳಿಂದಲೋ ಲಾಡ್ಜಿಗೆ ಲಿಂಕು ಹಾಕಿಸಿದೆವು. ಇಡೀ ದೇಶದಲ್ಲಿ ನನ್ನಂಥವರು ಎಲ್ಲರೂ ಅದನ್ನೇ ಮಾಡುತ್ತಿದ್ದರು. ಒಂದು ಬೆಳಿಗ್ಗೆ ಎದ್ದು ನೋಡಿದರೆ ಲಾಡ್ಜು ಮೊದಲ ಪುಟದಲ್ಲಿಲ್ಲ, ಎರಡನೆಯದರಲ್ಲಿಲ್ಲ, ಎಲ್ಲಿಯೂ ಇಲ್ಲ. ಯಂತ್ರ ಕಳ್ಳರನ್ನು ಹಿಡಿಯುವುದನ್ನು ಕಲಿತಿತ್ತು. ಪೇಢೆ ಕೊಟ್ಟ ಮಾಲೀಕರೇ ಬಂದು ಓಣಿ ತುಂಬ ಕೇಳುವಂತೆ ಬೈದು ಹೋದರು.

ನಡುವೆ ಊರಿನ ಹೆಸರು ವಿಜಯಪುರವಾಯಿತು. ಬೋರ್ಡುಗಳು ಬದಲಾದವು, ಹುಡುಕುವವರ ಬೆರಳುಗಳು ಬದಲಾಗಲಿಲ್ಲ. ಕೆಲವು ವರ್ಷ ನಾನು ಪ್ರತಿ ಪುಟಕ್ಕೂ ಎರಡೆರಡು ಹೆಸರು ಬರೆಯುತ್ತ ಕಳೆದೆ. ಅಷ್ಟರಲ್ಲಿ ಎಲ್ಲರ ಕೈಗೂ ಮೊಬೈಲು ಬಂತು. ಜನ ಊರ ಹೆಸರು ಬರೆಯುವುದನ್ನೇ ಬಿಟ್ಟು ‘ನನ್ನ ಹತ್ತಿರ’ ಎಂದು ಬರೆಯತೊಡಗಿದರು. ವೆಬ್‌ಸೈಟು ಹಿಂದೆ ಸರಿಯಿತು, ಮ್ಯಾಪು ಮುಂದೆ ಬಂತು. ಅಂಗಡಿ ನಿಜವಾಗಿ ಎಲ್ಲಿದೆ, ತಿಂದವರು ಏನೆಂದರು, ಎಷ್ಟು ಸ್ಟಾರು ಕೊಟ್ಟರು, ಇದಷ್ಟೇ ಮುಖ್ಯವಾಯಿತು.

ಈ ಬದಲಾವಣೆ ನಮ್ಮಕ್ಕನಿಗೇ ಎಂದು ಬಂದ ಹಾಗಿತ್ತು. ಅವಳಿಗೆ ಗಂಟಲಿಲ್ಲ, ದೊಡ್ಡ ಮನುಷ್ಯರ ಗುರುತಿಲ್ಲ, ಇರುವುದು ರೊಟ್ಟಿಯ ರುಚಿ ಮಾತ್ರ. ನಾನು ಮ್ಯಾಪಿನಲ್ಲಿ ಅವಳ ಅಂಗಡಿ ಸೇರಿಸಿದೆ, ಅದಕ್ಕೊಂದು ಪುಟವನ್ನೂ ಬರೆದೆ. ಒಂದೂ ಸುಳ್ಳು ಬರೆಯಲಿಲ್ಲ, ಬರೆಯುವ ಅಗತ್ಯವೂ ಇರಲಿಲ್ಲ. ಅಥಣಿ ರಸ್ತೆಯಲ್ಲಿ ಹೋಗುವ ಕಾರುಗಳು ಅವಳ ಬಾಗಿಲಲ್ಲಿ ನಿಲ್ಲತೊಡಗಿದವು. ಪುಣೆಯವರು, ಸೊಲ್ಲಾಪುರದವರು ಲಗ್ನಕ್ಕೆ ಸಾವಿರ ಲೆಕ್ಕದಲ್ಲಿ ರೊಟ್ಟಿ ಹೇಳತೊಡಗಿದರು. ಆ ದಿನಗಳಲ್ಲಿ ನಾನು ಆ ಯಂತ್ರವನ್ನು ಮನಸ್ಸಾರೆ ಇಷ್ಟಪಟ್ಟಿದ್ದೆ.

ಈಗಿನದು ಬೇರೆಯೇ ಕಥೆ. ಈಗ ಯಂತ್ರ ಯಾರನ್ನೂ ತೋರಿಸುವುದಿಲ್ಲ, ಎಲ್ಲವನ್ನೂ ತಾನೇ ಓದಿ ತಾನೇ ಉತ್ತರ ಹೇಳುತ್ತದೆ. ಅಂದು ಬೆಳಿಗ್ಗೆ ಚಹಾ ಆರುತ್ತಿದ್ದಾಗ ನಾನು ಅದನ್ನು ಕೇಳಿದೆ: ತಿಕೋಟಾದಲ್ಲಿ ಕಡಕ್ ರೊಟ್ಟಿ ಎಲ್ಲಿ ಸಿಗುತ್ತದೆ? ಅದು ಬಹಳ ವಿನಯದಿಂದ, ತಿಕೋಟಾದಲ್ಲಿ ಅಂಥ ಅಂಗಡಿಯ ಮಾಹಿತಿ ಇಲ್ಲ, ವಿಜಯಪುರದ ದೊಡ್ಡ ಅಂಗಡಿಗಳಲ್ಲಿ ವಿಚಾರಿಸಬಹುದು ಎಂದಿತು. ಅಷ್ಟಕ್ಕೆ ಬಿಡದೆ ಮನೆಯಲ್ಲೇ ಮಾಡುವ ಬಗೆಯನ್ನೂ ಹೇಳಿತು. ಕುದಿಯುವ ನೀರಿಗೆ ಮೊದಲು ಒಂದು ಹಿಡಿ ಹಿಟ್ಟು ಹಾಕಿ ಅಂಬಲಿಯಾಗಿಸಿ, ಆಮೇಲೆ ಉಳಿದ ಹಿಟ್ಟು ಸೇರಿಸಿ ನಾದಬೇಕು. ಬೆಂದ ರೊಟ್ಟಿಯನ್ನು ಒಲೆಯ ಪಕ್ಕ ನಿಲ್ಲಿಸಿ ಒಣಗಿಸಬೇಕು, ಮಲಗಿಸಬಾರದು. ಅದು ಅಕ್ಕ ಹೇಳಿ ನಾನು ಅವಳ ಪುಟದಲ್ಲಿ ಬರೆದ ಮಾತು, ಅಕ್ಷರ ಸಹ ಬದಲಾಗಿರಲಿಲ್ಲ. ಅವಳ ಬಾಯಿಂದಲೇ ರೊಟ್ಟಿ ಕಲಿತು, ಅಂಥವಳು ಇಲ್ಲವೇ ಇಲ್ಲ ಎಂದಿತು.

ಸ್ಕೂಟರ್ ತೆಗೆದುಕೊಂಡು ತಿಕೋಟಾಕ್ಕೆ ಹೋದೆ. ಖೋಲಿಯಲ್ಲಿ ಹೆಂಗಸರು ಹಂಚಿನ ಸುತ್ತ ಕುಳಿತಿದ್ದರು. ಒಳಗೆ ಕಾಲಿಟ್ಟವಳೇ ಅಕ್ಕನನ್ನು ಕೇಳಿದೆ, ಇತ್ತೀಚೆಗೆ ಅಂಗಡಿಯ ಬಗ್ಗೆ ಯಾರಾದರೂ ಏನಾದರೂ ಬರೆದರೇ ಎಂದು. ಅಕ್ಕನ ಮುಖ ಅರಳಿತು.

“ಬರದ್ರಲ್ಲ. ರಿವ್ಯೂ ಬಂದಷ್ಟು ಚಲೋ ಅಂತ ನೀನ ಹೇಳಿದ್ದಿ. ಹಬ್ಬದ ಮುಂದ ಎಲ್ಲಾರೂ ಕೂಡಿ ಒಂದ ಸಂಜೀಕ ಬರದು ಮುಗಿಸಿದ್ವಿ.”

ನಮ್ಮ ಕಡೆ ಮುಯ್ಯಾಳು ಎಂಬ ಪದ್ಧತಿ ಇದೆ. ಇವತ್ತು ನಿಮ್ಮ ಹೊಲದ ಕಳೆಗೆ ನಾನು ಬಂದರೆ, ನಾಳೆ ನನ್ನ ಹೊಲಕ್ಕೆ ನೀವು ಬರಬೇಕು. ಲಗ್ನದ ರೊಟ್ಟಿಯೂ ಹಾಗೆಯೇ, ಇಡೀ ಓಣಿ ಒಂದು ಮನೆಯಲ್ಲಿ ಕುಳಿತು ಬಡಿದು ಮುಗಿಸುತ್ತದೆ. ಅಕ್ಕನಿಗೆ ಸಹಾಯ ಬೇಕು ಎಂದಾಗ ಓಣಿಯ ಹೆಂಗಸರು ತಮಗೆ ಗೊತ್ತಿದ್ದ ರೀತಿಯಲ್ಲೇ ಬಂದಿದ್ದರು. ತಂತಮ್ಮ ಮಕ್ಕಳ, ಸೊಸೆಯಂದಿರ ಫೋನು ಹಿಡಿದು, ಇದೇ ಖೋಲಿಯಲ್ಲಿ ಒಟ್ಟಿಗೆ ಕುಳಿತು, ಅಕ್ಕನ ಫೋನಿನ ಇಂಟರ್ನೆಟ್ಟನ್ನೇ ಎಲ್ಲರೂ ಹಂಚಿಕೊಂಡು ಬರೆದಿದ್ದರು. ಏನು ಬರೆಯಬೇಕೆಂದು ತಿಳಿಯದಿದ್ದಾಗ ಒಬ್ಬಳು ಮೊದಲು ಬರೆದಳು. ಸೋಬಾನ ಪದದಲ್ಲಿ ಒಬ್ಬರು ಎತ್ತಿಕೊಟ್ಟ ಸಾಲನ್ನು ಉಳಿದವರು ತಿರುಗಿ ಹೇಳುವಂತೆ, ಉಳಿದವರೆಲ್ಲ ಅದನ್ನೇ ಬರೆದರು: ರೊಟ್ಟಿ ಭಾಳ ಚಲೋ ಅದಾವ್ರಿ, ಒಮ್ಮೆ ತಿಂದು ನೋಡ್ರಿ. ಎಲ್ಲರದೂ ಐದು ಸ್ಟಾರು.

“ಎಂಥಾ ಕೆಲಸ ಮಾಡೀರಿ ಅಂತ ಗೊತ್ತೈತೇನ್ ನಿಮಗ?” ಎಂದು ನಾನು ದನಿ ಏರಿಸಿದೆ.

ಹಂಚಿನ ಮುಂದಿದ್ದ ಹಿರಿಯಾಕೆ ರೊಟ್ಟಿ ತಿರುವಿ ಹಾಕಿ, “ಸುಳ್ಳು ಬರದಿಲ್ಲಲ್ಲ ತಂಗಿ. ರೊಟ್ಟಿ ಚಲೋನ ಅದಾವಲ್ಲ,” ಎಂದಳು.

ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಹೆದರಿಕೆ. ದುಡ್ಡು ಕೊಟ್ಟು ಸುಳ್ಳು ರಿವ್ಯೂ ಬರೆಸುವವರ ಕಾಟಕ್ಕೆ ಯಂತ್ರ ಈಗ ಎಲ್ಲರನ್ನೂ ಅನುಮಾನದಿಂದ ನೋಡುತ್ತದೆ. ಒಂದೇ ಜಾಗ, ಒಂದೇ ಸಂಜೆ, ಒಂದೇ ಮಾತು ಕಂಡರೆ ಅದಕ್ಕೆ ಅದು ಕಳ್ಳರ ಗುಂಪು. ಒಬ್ಬರಿಗಾಗಿ ಊರೇ ಕೂಡಿ ಕೆಲಸ ಮಾಡುತ್ತದೆ ಎಂಬುದನ್ನು ಅದಕ್ಕೆ ಯಾರೂ ಕಲಿಸಿಲ್ಲ. ನಾನು ಮತ್ತು ನನ್ನಂಥವರು ಅದಕ್ಕೆ ಕಲಿಸಿದ್ದು ಮೋಸವನ್ನು ಮಾತ್ರ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎಂಬಂತಾಗಿ, ನಮ್ಮ ಆಟದ ಫಲ ಅಕ್ಕನ ತಲೆಗೆ ಬಂದಿತ್ತು.

ಅಲ್ಲೇ ಕುಳಿತು, ಅಂಗಡಿಯನ್ನು ಮರಳಿ ತೋರಿಸಿ ಎಂದು ಸರ್ಚಿಗೆ ಮನವಿ ಕಳಿಸಿದೆ. ಅದರ ಆಚೆ ಮನುಷ್ಯರು ಇದ್ದಾರೋ ಇಲ್ಲವೋ ದೇವರಿಗೇ ಗೊತ್ತು. ಅಕ್ಕ ಮಾತ್ರ ‘ಸರ್ಚಿನವರು’ ಎಂದು ಬಹುವಚನದಲ್ಲೇ ಕರೆಯುತ್ತಿದ್ದಳು. “ಸರ್ಚಿನವ್ರಿಗೆ ತಿಳಿಸಿ ಹೇಳು, ಹೆಣ್ಣಮಕ್ಕಳು ತಿಳೀದ ಮಾಡ್ಯಾರಂತ ಹೇಳು.” ನಾನು ತಿಳಿಸಿ ಹೇಳುವ ಜಾಗವೇ ಅಲ್ಲಿರಲಿಲ್ಲ. ಹೊರಡುವಾಗ ಅಕ್ಕನ ಮೈದುನ ಬಾಗಿಲಲ್ಲಿ ಟೇಪು ಹಿಡಿದು ಗೋಡೆಯ ಉದ್ದ ಅಳೆಯುತ್ತಿದ್ದ. ಔಷಧಿ ಡಬ್ಬಿಗಳಿಗೆ ಕಪಾಟು ಬೇಕಲ್ಲ. ನನ್ನನ್ನು ಕಂಡು ಟೇಪು ಸುತ್ತಿಕೊಂಡು, “ಸುಮ್ನ ನೋಡಾಕತ್ತಿದ್ದೆ ಅಕ್ಕಾರ,” ಎಂದ.

ದಿನಗಳು ಹೋದವು, ಫೋನುಗಳು ನಿಂತವು. ದೀಪಾವಳಿ ಹತ್ತಿರ ಬರುತ್ತಿದ್ದ ಹಾಗೆ ಅಕ್ಕ ನನಗೆ ಕರೆ ಮಾಡುವುದನ್ನೂ ನಿಲ್ಲಿಸಿದಳು. ಅದು ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಹಬ್ಬದ ವಾರ ಒಂದು ಮಧ್ಯಾಹ್ನ ಉತ್ತರ ಬಂತು. ಅಂಗಡಿ ನಿಜವೆಂದು ವಿಡಿಯೋ ಮಾಡಿ ತೋರಿಸಬೇಕು. ನಡುವೆ ನಿಲ್ಲಿಸದೆ ಒಂದೇ ಓಟದಲ್ಲಿ ರಸ್ತೆ, ಬೋರ್ಡು, ಒಳಗಿನ ಸಾಮಾನು ಎಲ್ಲ ಬರಬೇಕು. ಮಾಲೀಕರು ತಮ್ಮ ಕೈಯಾರೆ ಬಾಗಿಲ ಬೀಗ ತೆಗೆಯುವುದು ಕಾಣಬೇಕು. ಅಂದು ರಾತ್ರಿಗೆ ಲಿಂಕಿನ ಅವಧಿ ಮುಗಿಯುತ್ತದೆ, ಸರಿಹೋಗದಿದ್ದರೆ ಮತ್ತೆ ಅವಕಾಶ ಇಲ್ಲ. ಓದಿದವಳೇ ಗಾಡಿ ಹತ್ತಿದೆ.

ತಿಕೋಟಾ ಮುಟ್ಟಿದರೆ ಖೋಲಿಗೆ ಬೀಗ. ಹೆಂಗಸರು ಹಿತ್ತಲಲ್ಲಿ ತಗಡಿನ ಕೆಳಗೆ ಬಿಸಿಲಿಗೆ ಸೆರಗು ಹೊದ್ದು ರೊಟ್ಟಿ ಬಡಿಯುತ್ತಿದ್ದರು. ಅತ್ತೆ ಬೆಳಗಿನ ಬಸ್ಸಿಗೆ ಬಬಲೇಶ್ವರಕ್ಕೆ, ತಮ್ಮ ತಂಗಿಯ ಮೊಮ್ಮಗುವಿನ ತೊಟ್ಟಿಲು ಕಾರ್ಯಕ್ಕೆ ಹೋಗಿದ್ದರು.

“ಚಾವಿ ಕೊಡು, ಬೇಗ,” ಎಂದೆ.

ಅಕ್ಕ ಹಿಟ್ಟಿನ ಕೈ ಅಲ್ಲಾಡಿಸಿದಳು. “ಚಾವಿ ಅತ್ತಿ ಟೊಂಕದಾಗ ಐತಿ.”

ಆ ಮನೆಯ ಎಲ್ಲ ಬೀಗಗಳ ಚಾವಿಗಳು ಒಂದು ಕಬ್ಬಿಣದ ಬಳೆಯಲ್ಲಿ ಅತ್ತೆಯ ಸೊಂಟದಲ್ಲಿರುತ್ತವೆ ಎಂದು ನನಗೆ ಗೊತ್ತಿತ್ತು. ದಿನಾ ಬೆಳಿಗ್ಗೆ ಅವರೇ ಖೋಲಿ ತೆರೆಯುವುದು, ಸಂಜೆ ಅವರೇ ಮುಚ್ಚುವುದು. ಅವರು ಊರಿಗೆ ಹೋದ ದಿನ ಅಂಗಡಿಗೆ ರಜೆ. ಇಷ್ಟು ವರ್ಷ ಅಂಗಡಿ ನಡೆಸಿದ ಅಕ್ಕ ಒಮ್ಮೆಯೂ ಆ ಬೀಗಕ್ಕೆ ಕೈ ಹಚ್ಚಿರಲಿಲ್ಲ ಎಂಬುದು ಮಾತ್ರ ನನಗೆ ಅಂದೇ ತಿಳಿದದ್ದು.

ಮೈದುನ ಕಟ್ಟೆಯ ಮೇಲೆ ಕುಳಿತು ನಮ್ಮ ಮಾತು ಕೇಳುತ್ತಿದ್ದ. ಯಂತ್ರ ಕೇಳಿದ್ದೇನೆಂದು ನಾನು ಹೇಳಿದೆ. ಅವನು, “ಹಂಗಿದ್ರ ಮಾಲಕಿ ನಮ್ಮವ್ವ ಆದ್ಲಲ್ರಿ. ಚಾವಿ ಯಾರ ಹತ್ರ ಇರ್ತೈತಿ, ಅವ್ರದ ಅಲ್ಲೇನ್ರಿ ಖೋಲಿ? ವೈನಿ ತಗದ್ರ ಸುಳ್ಳು ತೋರ್ಸಿದಂಗ ಆಗ್ತೈತಿ,” ಎಂದ. ಅತ್ತಿಗೆಯ ಮೇಲಿನ ಕುಹಕದಿಂದ ಅವನು ಹೇಳಲಿಲ್ಲ. ಅದೇ ನನಗೆ ಸಿಟ್ಟು ತರಿಸಿತು, ಏಕೆಂದರೆ ಆ ಮನೆಯ ಲೆಕ್ಕದಲ್ಲಿ ಅವನ ಮಾತು ಸರಿಯಿತ್ತು.

ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಕೈತೊಳೆದುಕೊಂಡಳು. “ನಡಿ, ಬಬಲೇಶ್ವರಕ್ಕ ಹೋಗೂನು.”

ಬಸ್ಸಿಗೆ ಕಾಯುವಷ್ಟು ಹೊತ್ತಿರಲಿಲ್ಲ. ಮರಳಿ ಬರುವಾಗ ಅತ್ತೆಯೂ ಬರಬಹುದೆಂದು ನನ್ನ ಸ್ಕೂಟರ್ ಅಲ್ಲೇ ಬಿಟ್ಟು ಓಣಿಯವರ ಟಂಟಂ ಮಾಡಿಕೊಂಡೆವು. ಮೂರು ಗಾಲಿಯ ಆ ಗಾಡಿಯ ಸದ್ದಿನಲ್ಲಿ ಮಾತಾಡಲು ಆಗುವುದಿಲ್ಲ, ಅದೂ ಒಳ್ಳೆಯದೇ ಆಯಿತು. ರಸ್ತೆಯ ಎರಡೂ ಬದಿ ಕತ್ತರಿಸಿದ ದ್ರಾಕ್ಷಿ ಬಳ್ಳಿಗಳು ಚಿಗುರುತ್ತಿದ್ದವು. ಬಬಲೇಶ್ವರ ನಮ್ಮ ತವರು. ಅಲ್ಲಿಗೆ ಹೋಗುವಾಗ ಅಕ್ಕ ಯಾವಾಗಲೂ ಯಾರ ಮನೆಗೆ ಹೋಗಬೇಕು, ಯಾರಿಗೆ ಏನು ಒಯ್ಯಬೇಕು ಎಂದು ಹೇಳುತ್ತಲೇ ಇರುತ್ತಾಳೆ. ಅಂದು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತಿದ್ದಳು.

ತೊಟ್ಟಿಲು ಕಾರ್ಯದ ಮನೆ ಹೆಂಗಸರಿಂದ ತುಂಬಿತ್ತು. ಮಗುವನ್ನು ಅದೇ ಆಗ ತೊಟ್ಟಿಲಿಗೆ ಹಾಕಿದ್ದರು. ಅತ್ತೆ ನಡುಮನೆಯಲ್ಲಿ ಕಂಬಕ್ಕೆ ಒರಗಿ ಕುಳಿತಿದ್ದರು. ಕರೆಯದೆ ಬಂದ ಸೊಸೆಯನ್ನು ಕಂಡು ಅವರ ಮುಖ ಬಿಗಿಯಿತು. ಮನೆಯಲ್ಲಿ ಯಾರಿಗೋ ಏನೋ ಆಯಿತೆಂದು ಹೆದರಿದ್ದರೇನೋ.

ಅಕ್ಕ ಎಲ್ಲರ ಎದುರಿಗೆ ಹೋಗಿ ನಿಂತಳು. ಗುಟ್ಟಾಗಿ ಹೇಳಬಹುದಿತ್ತು, ಅತ್ತೆಯನ್ನು ಹೊರಗೆ ಕರೆಯಬಹುದಿತ್ತು. ಅವಳು ಹಾಗೆ ಮಾಡಲಿಲ್ಲ. ಬಹುಶಃ ತಡೆದರೆ ಧೈರ್ಯ ಇಳಿದುಹೋಗುತ್ತದೆಂದು ಅವಳಿಗೆ ಗೊತ್ತಿತ್ತು.

“ಅತ್ತೀ, ಖೋಲಿ ಚಾವಿ ಬೇಕಾಗಿತ್ತರಿ.”

“ಯಾಕ?”

“ಅಂಗಡಿ ನಂದು ಅಂತ ತೋರ್ಸಬೇಕಾಗೈತ್ರಿ. ಸರ್ಚಿನವ್ರಿಗೆ. ಕೀಲಿ ನನ್ನ ಕೈಲೆ ತಗೀಬೇಕಂತ.”

ಹೆಂಗಸರ ಗದ್ದಲ ನಿಂತಿತು. ತೊಟ್ಟಿಲು ತೂಗುವವಳ ಕೈಯೂ ನಿಂತಿತೆಂದು ಕಾಣುತ್ತದೆ, ಮಗು ಅಳತೊಡಗಿತು. ಅತ್ತೆಯ ತಂಗಿ, “ಚಾವಿ ಕೇಳಾಕ ಇಲ್ಲೀತನಕ ಬಂದೀಯೇನ ಬೇ? ಸಂಜೀಕ ಬರ್ತಿದ್ದಳಲ್ಲ,” ಎಂದು ನಕ್ಕರು. ಅಕ್ಕ ಅವರ ಕಡೆ ನೋಡಲಿಲ್ಲ. ಅತ್ತೆಯ ಕೈ ಸೊಂಟದ ಬಳೆಯ ಮೇಲೆ ಹೋಗಿ ಅಲ್ಲೇ ನಿಂತಿತು. ಇವರು ಈಗ ಇಲ್ಲವೆಂದರೆ ಯಂತ್ರದ ಮುಂದೆ ಮಾತ್ರವಲ್ಲ, ಈ ಮಂದಿಯ ಮುಂದೆಯೂ ಅಕ್ಕನ ಅಂಗಡಿ ಮುಗಿದಂತೆ.

ಅತ್ತೆ ಕಂಬ ಹಿಡಿದು ಎದ್ದರು. “ನಡೀರಿ, ನಾನೂ ಬರ್ತೇನಿ,” ಎಂದರು. ಚಾವಿ ಕೊಡಲಿಲ್ಲ.

ಟಂಟಂನಲ್ಲಿ ಅವರು ನಮ್ಮಿಬ್ಬರ ನಡುವೆ ಕುಳಿತರು. ದಾರಿಯುದ್ದಕ್ಕೂ ಚಾವಿಗಳ ಸದ್ದು ಕೇಳುತ್ತಿತ್ತು. ಅವರ ಮನಸ್ಸಿನಲ್ಲಿ ಏನಿದೆ ಎಂದು ಮುಖ ನೋಡಿ ತಿಳಿಯುವಂತಿರಲಿಲ್ಲ. ತಾವೇ ಬಾಗಿಲು ತೆರೆಯುತ್ತೇನೆಂದು ಹಟ ಹಿಡಿದರೆ ಏನು ಮಾಡುವುದು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಅಂಗಡಿ ಇದ್ದದ್ದು ಅಕ್ಕನ ಹೆಸರಿನಲ್ಲಿ. ಬೇರೆ ಕೈ ಕಂಡರೆ ಆ ಅನುಮಾನದ ಯಂತ್ರ ಒಪ್ಪುವುದಿಲ್ಲ. ಸೂರ್ಯ ಇಳಿಯುತ್ತಿದ್ದ, ಬೆಳಕು ಹೋದರೆ ಬೋರ್ಡು ಕಾಣುವುದಿಲ್ಲ.

ತಿಕೋಟಾದಲ್ಲಿ ಇಳಿದಾಗ ಹಿತ್ತಲಿನ ಹೆಂಗಸರೆಲ್ಲ ಮುಂದಿನ ರಸ್ತೆಗೆ ಬಂದು ನಿಂತಿದ್ದರು. ಮೈದುನ ಕಟ್ಟೆಯಿಂದ ಎದ್ದು ನಿಂತ. ಅತ್ತೆ ಯಾರನ್ನೂ ನೋಡದೆ, ಸೊಂಟದಿಂದ ಬಳೆ ತೆಗೆದು, ಖೋಲಿಯ ಚಾವಿಯನ್ನು ಅದರಿಂದ ಬಿಡಿಸಲು ನೋಡಿದರು. ಉಗುರು ನಿಲ್ಲಲಿಲ್ಲ. ಕಬ್ಬಿಣ ತುಕ್ಕು ಹಿಡಿದು ಬಿಗಿಯಾಗಿತ್ತು, ಅವರ ಅತ್ತೆಯ ಕಾಲದಿಂದ ಯಾರೂ ಬಿಚ್ಚಿರಲಿಕ್ಕಿಲ್ಲ. ಒಂದು ಕ್ಷಣ ನೋಡಿ ಇಡೀ ಗೊಂಚಲನ್ನೇ ಅಕ್ಕನ ಕೈಯಲ್ಲಿಟ್ಟರು. ತಿಜೋರಿಯ ಚಾವಿ, ಜೋಳದ ಕೋಣೆಯ ಚಾವಿ ಎಲ್ಲ ಅದರಲ್ಲಿದ್ದವು.

“ಯಾವ್ದರಿ ಇದ್ರಾಗ?” ಎಂದಳು ಅಕ್ಕ.

ಅತ್ತೆ ಒಂದನ್ನು ಬೆರಳಿನಿಂದ ತೋರಿಸಿದರು.

ನಾನು ರಸ್ತೆಯ ಆಚೆಗೆ ಹೋಗಿ ಫೋನು ಎತ್ತಿದೆ. ಯಾರೂ ಉಸಿರು ಬಿಡಕೂಡದು ಎಂದು ಎಲ್ಲರಿಗೂ ಗದರಿಸಿ ವಿಡಿಯೋ ಶುರು ಮಾಡಿದೆ. ಅಥಣಿ ರಸ್ತೆ, ಬಸ್ಸು, ಸೈಕಲ್ ರಿಪೇರಿಯವನ ಅಂಗಡಿ, ತಗಡಿನ ಬೋರ್ಡು. ಬೋರ್ಡಿನ ಕೆಳಗೆ ಅಕ್ಕನ ಬೆನ್ನು. ಅವಳು ಚಾವಿಯನ್ನು ಬೀಗಕ್ಕೆ ಹಾಕಿ ತಿರುವಿದಳು. ಬೀಗ ಅಲುಗಲಿಲ್ಲ. ಮತ್ತೆ ತಿರುವಿದಳು. ಚಾವಿಗಳು ಗಲಗಲ ಅಂದವು. ನಾನು ಬಾಯಿ ಬಿಡುವಂತಿಲ್ಲ, ನಿಲ್ಲಿಸುವಂತಿಲ್ಲ. ತನ್ನ ಅಂಗಡಿಯ ಬೀಗ ತನಗೇ ತೆಗೆಯಲು ಬಾರದವಳನ್ನು ಯಾವ ಯಂತ್ರ ಮಾಲಕಿ ಎಂದು ನಂಬುತ್ತದೆ? ಎಲ್ಲ ಮುಗಿಯಿತು ಎಂದುಕೊಂಡೆ.

ಆಗ ನನ್ನ ಹಿಂದಿನಿಂದ ಅತ್ತೆಯ ದನಿ ಬಂತು. ಓಣಿಗೆಲ್ಲ ಕೇಳುವ ದನಿ.

“ಎತ್ತಿ ತಿರುವು. ಅಂಜಬ್ಯಾಡ ಬೇ, ನಿನ್ನ ಅಂಗಡಿ ಕೀಲಿನ ಐತಿ ಅದು.”

ಅಕ್ಕ ಬೀಗವನ್ನು ಸ್ವಲ್ಪ ಮೇಲೆತ್ತಿ ತಿರುವಿದಳು. ಅದು ತೆರೆಯಿತು. ನಾನು ಅವಳ ಹಿಂದೆಯೇ ಒಳಗೆ ಹೋಗಿ ಹಿಟ್ಟಿನ ಡಬ್ಬಿ, ಹಂಚು, ಗೋಡೆಗೆ ನಿಲ್ಲಿಸಿದ ರೊಟ್ಟಿಗಳ ಸಾಲು ಎಲ್ಲ ತೋರಿಸಿ ವಿಡಿಯೋ ಮುಗಿಸಿದೆ. ಮುಗಿಸಿ ಅತ್ತೆಯ ಮೇಲೆ ಹರಿಹಾಯಬೇಕೆಂದಿದ್ದೆ. ಅವರ ದನಿ ವಿಡಿಯೋದಲ್ಲಿ ಬಂದುಬಿಟ್ಟಿತ್ತು, ಮತ್ತೆ ತೆಗೆಯಲು ಬೆಳಕಿರಲಿಲ್ಲ. ಹಿಂತಿರುಗಿ ನೋಡಿದರೆ ಅಕ್ಕ ಹೊಸ್ತಿಲಲ್ಲಿ ಗೊಂಚಲು ಹಿಡಿದು ಅಳುತ್ತಿದ್ದಳು. ನನ್ನ ಕಣ್ಣೂ ತುಂಬಿ ಬಂತು, ಬೈಗುಳ ನುಂಗಿಕೊಂಡೆ. ಮೈದುನ ಚಪ್ಪಲಿ ಮೆಟ್ಟಿಕೊಂಡು ಬಸ್ ನಿಲ್ದಾಣದ ಕಡೆ ನಡೆದ. ಇದ್ದ ಹಾಗೆಯೇ ಕಳಿಸಿಬಿಟ್ಟೆ.

ಆಮೇಲೆ ಕಾಯುವುದು. ದೀಪಾವಳಿಯ ನೀರು ತುಂಬುವ ಹಬ್ಬ ಬಂತು, ಅಮಾವಾಸ್ಯೆ ಬಂತು, ಪಾಡ್ಯವೂ ಬಂತು. ಯಂತ್ರ ಬಾಯಿ ಬಿಡಲಿಲ್ಲ. ಲಗ್ನದ ಆರ್ಡರು ಒಂದೂ ಬಂದಿರಲಿಲ್ಲ, ಅತ್ತೆಯ ಷರತ್ತಿನಂತೆ ಅಕ್ಕ ಸೋತಿದ್ದಳು. ಪಾಡ್ಯದ ಬೆಳಿಗ್ಗೆ ನಾನು ತಿಕೋಟಾಕ್ಕೆ ಹೊರಟಾಗ, ಔಷಧಿ ಅಂಗಡಿಯ ಪೂಜೆಗೆ ಕಾಯಿ ಒಡೆಯುವುದನ್ನು ನೋಡಲು ಹೋಗುತ್ತಿದ್ದೇನೆ ಎಂದೇ ಅಂದುಕೊಂಡಿದ್ದೆ. ಹೋಗುವ ಮೊದಲು ಯಾವತ್ತಿನ ಚಟಕ್ಕೆ ಫೋನು ತೆಗೆದು ಹುಡುಕಿದೆ. ಬೂದು ಬಣ್ಣದ ಜಾಗದಲ್ಲಿ ಅಕ್ಕನ ಅಂಗಡಿಯ ಹೆಸರಿತ್ತು. ಓಣಿಯ ಹೆಂಗಸರ ರಿವ್ಯೂಗಳನ್ನು ಮಾತ್ರ ಅಳಿಸಿ ಹಾಕಿದ್ದರು.

ಗಾಡಿ ನಿಲ್ಲಿಸುವ ಮೊದಲೇ ಬಾಗಿಲಲ್ಲಿ ಪಾಡ್ಯಕ್ಕೆಂದು ಸೆಗಣಿಯಲ್ಲಿ ಮಾಡಿದ ಪಾಂಡವರನ್ನು ಇಟ್ಟು ಹೂ ಏರಿಸುತ್ತಿದ್ದ ಅತ್ತೆಗೆ ಕೂಗಿ ಹೇಳಿದೆ. “ಅತ್ತೀ, ಸರ್ಚಿನವ್ರು ಒಪ್ಪಿದ್ರು. ಅಂಗಡಿ ಅಕ್ಕಂದ ಅಂತ ಈಗ ಒಪ್ಪಿದ್ರು.”

ಅತ್ತೆ ತಲೆ ಎತ್ತದೆ ಇನ್ನೊಂದು ಹೂ ಇಟ್ಟರು.

“ಅವ್ರು ಈಗ ಒಪ್ಪಿದ್ರೇನು?” ಎಂದರು. “ನಾ ಅವತ್ತ ಒಪ್ಪೇನಿ.”

ಖೋಲಿಯ ಒಳಗೆ ಔಷಧಿ ಡಬ್ಬಿಗಳಿರಲಿಲ್ಲ. ಒಲೆ ಹೊತ್ತಿತ್ತು. ಅಕ್ಕ ಹಂಚಿನ ಮುಂದೆ ಬಾಗಿ ಕುಳಿತು ರೊಟ್ಟಿ ತಿರುವುತ್ತಿದ್ದಳು, ಅವಳು ಬಾಗಿದಾಗಲೆಲ್ಲ ಸೊಂಟದಲ್ಲಿ ಚಾವಿಗಳ ಸದ್ದಾಗುತ್ತಿತ್ತು.